ಚಳಿಗಾಲದ ಪುಟ್ಟ ಪ್ರವಾಸ: ಜಾಗಕ್ಕಿಂತ ಮೊದಲು ಹಗಲನ್ನು ಲೆಕ್ಕ ಹಾಕಿ

ಬೇಸಿಗೆಯ ಪ್ರವಾಸಕ್ಕೆ ಪ್ಲಾನ್ ಸ್ವಲ್ಪ ಸಡಿಲ ಇದ್ದರೂ ನಡೆಯುತ್ತದೆ. ತಡವಾಗಿ ಎದ್ದರೂ ಬೆಳಕಿರುತ್ತದೆ, ದಾರಿ ತಪ್ಪಿದರೂ ಬೆಳಕಿರುತ್ತದೆ. ಎಲೆ ಉದುರುವ ಕಾಲ ಶುರುವಾಯಿತು ಅಂದರೆ ಆ ಸಲಿಗೆ ಮುಗಿಯಿತು. ಮಧ್ಯಾಹ್ನ ಊಟ ಮುಗಿಸಿ ಸ್ವಲ್ಪ ಅಡ್ಡಾಡುವಷ್ಟರಲ್ಲಿ ಸಂಜೆ, ಸಂಜೆಯ ಬೆನ್ನಿಗೇ ಕತ್ತಲೆ. ನೋಡಬೇಕಾದ್ದರ ಪಟ್ಟಿ ಮಾತ್ರ ಹಾಗೇ ಉಳಿದಿರುತ್ತದೆ.

ಆದರೂ ಈ ಕಾಲದ ಸಣ್ಣ ಪ್ರವಾಸ ನನಗೆ ಬೇಸಿಗೆಯದಕ್ಕಿಂತ ಇಷ್ಟ. ಜನ ಕಡಿಮೆ, ಗಾಳಿ ತಿಳಿ, ನಡೆದರೆ ಬೆವರಿಲ್ಲ. ಪಕ್ಕದ ಪ್ರಾಂತ್ಯಕ್ಕೆ ಎರಡು ರಾತ್ರಿಯ ಮಟ್ಟಿಗೆ ಹೋಗಿ ಬರಲು ಇದಕ್ಕಿಂತ ಒಳ್ಳೆ ಸಮಯ ಇಲ್ಲ. ಪಕ್ಕದ ಪ್ರಾಂತ್ಯ ಅಂದರೆ ಬೆಟ್ಟದಾಚೆಯ ಜಿಲ್ಲೆ ಇರಬಹುದು, ಪಕ್ಕದ ರಾಜ್ಯ ಇರಬಹುದು, ನೀವು ಇರುವ ಕಡೆಯನ್ನು ಅವಲಂಬಿಸಿ ಪಕ್ಕದ ದೇಶವೇ ಇರಬಹುದು. ಯಾವುದಾದರೂ ಸರಿ, ತಯಾರಿಯ ಕ್ರಮ ಒಂದೇ. ಎಲ್ಲಿಗೆ ಹೋಗೋಣ ಅನ್ನುವ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಟ್ಟು, ನಮ್ಮ ಕೈಲಿ ಎಷ್ಟು ಬೆಳಕಿದೆ ಅನ್ನುವುದರಿಂದ ಶುರು ಮಾಡಬೇಕು.

1. ಹಗಲನ್ನು ಲೆಕ್ಕ ಹಾಕಿ

ಹೋಗುವ ತಾರೀಕು ಸುಮಾರಾಗಿ ಗೊತ್ತಾದ ತಕ್ಷಣ ಒಂದು ಹಾಳೆಯಲ್ಲಿ ಮೂರು ಸಮಯ ಬರೆದುಕೊಳ್ಳಿ: ಸೂರ್ಯ ಹುಟ್ಟುವುದು, ಮುಳುಗುವುದು, ಪೂರ್ತಿ ಕತ್ತಲಾಗುವುದು. ನಿಮ್ಮ ಊರಿನದಲ್ಲ, ಹೋಗುವ ಊರಿನದು. ಫೋನಿನ ಹವಾಮಾನ ಆ್ಯಪ್‌ನಲ್ಲೇ ಸಿಗುತ್ತದೆ.

ಸೆಪ್ಟೆಂಬರ್ 22–23ರ ಹೊತ್ತಿಗೆ ಭೂಮಿಯ ಮೇಲೆ ಹೆಚ್ಚುಕಡಿಮೆ ಎಲ್ಲ ಕಡೆ ಹಗಲು 12 ಗಂಟೆ. ಅಲ್ಲಿಂದ ಮುಂದೆ ಉತ್ತರಾರ್ಧ ಗೋಳದಲ್ಲಿ ದಿನ ಕುಗ್ಗುತ್ತಾ ಹೋಗಿ ಡಿಸೆಂಬರ್ 21–22ಕ್ಕೆ ತಳ ಮುಟ್ಟುತ್ತದೆ. ಎಷ್ಟು ಕುಗ್ಗುತ್ತದೆ ಅನ್ನುವುದು ಭೂಮಧ್ಯರೇಖೆಯಿಂದ ಎಷ್ಟು ದೂರ ಇದ್ದೀರಿ ಅನ್ನುವುದರ ಮೇಲೆ ನಿಂತಿದೆ. 15 ಡಿಗ್ರಿ ಅಕ್ಷಾಂಶದಲ್ಲಿ ಅತಿ ಚಿಕ್ಕ ದಿನವೂ 11 ಗಂಟೆಗಿಂತ ಜಾಸ್ತಿ ಇರುತ್ತದೆ. 30 ಡಿಗ್ರಿಯಲ್ಲಿ 10 ಗಂಟೆ ಚಿಲ್ಲರೆ, 40ರಲ್ಲಿ ಒಂಬತ್ತೂಕಾಲು, 50ರಲ್ಲಿ 8. 60 ಡಿಗ್ರಿ ತಲುಪಿದರೆ 6 ಗಂಟೆಯೂ ಇಲ್ಲ. ದಕ್ಷಿಣಾರ್ಧ ಗೋಳದಲ್ಲಿ ಇದೇ ಲೆಕ್ಕ ಜೂನ್‌ಗೆ.

ಕುಗ್ಗುವ ವೇಗವೂ ಒಂದೇ ಸಮ ಇರುವುದಿಲ್ಲ. ಸೆಪ್ಟೆಂಬರ್ ಕೊನೆಯಲ್ಲೇ ಅದು ಅತಿ ಜೋರು. 50 ಡಿಗ್ರಿಯಲ್ಲಿ ದಿನಕ್ಕೆ ಸುಮಾರು 4 ನಿಮಿಷ ಹೋಗುತ್ತದೆ. ಅಂದರೆ ಪ್ರವಾಸವನ್ನು ಎರಡು ವಾರ ಮುಂದೂಡಿದರೆ ಹೆಚ್ಚುಕಡಿಮೆ ಒಂದು ಗಂಟೆ ಬೆಳಕು ಕಳೆದುಕೊಂಡಿರಿ. ಡಿಸೆಂಬರ್‌ನಲ್ಲಿ ವಾರ ಆಚೀಚೆ ಆದರೆ ಏನೂ ವ್ಯತ್ಯಾಸ ಇಲ್ಲ. ಹಾಗಾಗಿ ಅಕ್ಟೋಬರ್ ಪ್ರವಾಸವನ್ನು ಸುಮ್ನೆ ಮುಂದೆ ತಳ್ಳಬೇಡಿ. ಡಿಸೆಂಬರ್‌ನದನ್ನು ನೆಮ್ಮದಿಯಾಗಿ ತಳ್ಳಬಹುದು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಅತಿ ಚಿಕ್ಕ ದಿನದಂದೇ ಸೂರ್ಯ ಅತಿ ಬೇಗ ಮುಳುಗುತ್ತಾನೆ ಅಂತೇನೂ ಇಲ್ಲ. 40 ಡಿಗ್ರಿ ಉತ್ತರದ ಸುತ್ತಮುತ್ತ ಅತಿ ಬೇಗನೆ ಸೂರ್ಯ ಮುಳುಗುವುದು ಡಿಸೆಂಬರ್ ಮೊದಲ ವಾರದ ಆಚೀಚೆ. ಅತಿ ತಡವಾಗಿ ಹುಟ್ಟುವುದು ಜನವರಿ ಮೊದಲ ವಾರದಲ್ಲಿ. ಬೆಳಿಗ್ಗೆ ಬೇಗ ಏಳದ ಕುಟುಂಬಕ್ಕೆ ಇದು ಸಿಹಿ ಸುದ್ದಿ, ಅಲ್ವಾ? ಅಂಥವರು ಡಿಸೆಂಬರ್ ಮೊದಲ ವಾರದ ಬದಲು ಜನವರಿ ಎರಡನೇ ವಾರ ಹೋಗಲಿ. ಸಂಜೆಯ ಬೆಳಕು ಸ್ವಲ್ಪ ಜಾಸ್ತಿ ಸಿಗುತ್ತದೆ.

ಸೂರ್ಯ ಮುಳುಗಿದ ಮೇಲೂ ಕಣ್ಣಿಗೆ ದಾರಿ ಕಾಣುವಷ್ಟು ಬೆಳಕು ಸ್ವಲ್ಪ ಹೊತ್ತು ಇರುತ್ತದೆ. ಉಷ್ಣವಲಯದಲ್ಲಿ ಅದು ಇಪ್ಪತ್ತು ನಿಮಿಷದ ಮೇಲೆ ಒಂದೆರಡು ನಿಮಿಷ, 40 ಡಿಗ್ರಿಯಲ್ಲಿ ಅರ್ಧ ಗಂಟೆ. ಇದನ್ನು ಪ್ಲಾನಿಗೆ ಸೇರಿಸಬೇಡಿ, ಆಪತ್ತಿಗೆ ಇಟ್ಟುಕೊಳ್ಳಿ. ಬೆಟ್ಟದ ಕಣಿವೆಗೆ ಹೋಗುವವರು ಆ್ಯಪ್ ಹೇಳುವ ಸಮಯವನ್ನೂ ನಂಬುವ ಹಾಗಿಲ್ಲ. ಸೂರ್ಯ ದಿಗಂತದಲ್ಲಿ ಮುಳುಗುವ ಎಷ್ಟೋ ಮೊದಲೇ ಬೆಟ್ಟದ ಹಿಂದೆ ಸರಿದಿರುತ್ತಾನೆ. ಉತ್ತರಾರ್ಧ ಗೋಳದಲ್ಲಿ ಕಡಿದಾದ ಬೆಟ್ಟದ ಉತ್ತರ ಮಗ್ಗುಲಿಗೆ ಡಿಸೆಂಬರ್ ಪೂರ್ತಿ ಬಿಸಿಲೇ ಬೀಳದಿರಬಹುದು. ನಕ್ಷೆ ನೋಡುವಾಗ ಊರು ಬೆಟ್ಟದ ಯಾವ ಬದಿಗಿದೆ ಅಂತ ಒಮ್ಮೆ ನೋಡಿ. ದಕ್ಷಿಣಕ್ಕೆ ಮುಖ ಮಾಡಿದ ಊರು ಬೆಚ್ಚಗಿರುತ್ತದೆ.

ಕೆಲವು ದೇಶಗಳಲ್ಲಿ ಬೇಸಿಗೆಗೆ ಅಂತ ಮುಂದಿಟ್ಟ ಗಡಿಯಾರವನ್ನು ಚಳಿಗಾಲಕ್ಕೆ ಹಿಂದಿಡುತ್ತಾರೆ, ಆ ದಿನವೂ ನೆನಪಿರಲಿ. ಯುರೋಪಿನ ಒಕ್ಕೂಟದಲ್ಲಿ ಅಕ್ಟೋಬರ್‌ನ ಕೊನೆಯ ಭಾನುವಾರ, ಅಮೆರಿಕದ ಬಹುಪಾಲು ಕಡೆ ನವೆಂಬರ್‌ನ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ. ಆ ವಾರಾಂತ್ಯಕ್ಕೇ ಪ್ರವಾಸ ಇಟ್ಟುಕೊಂಡರೆ ಶನಿವಾರ ಆರಕ್ಕೆ ಮುಳುಗಿದ ಸೂರ್ಯ ಭಾನುವಾರ ಐದಕ್ಕೇ ಮುಳುಗುತ್ತಾನೆ.

ಈಗ ಕೂಡಿ ಕಳೆಯೋಣ. 8 ಗಂಟೆ ಹಗಲಿದ್ದರೆ ಅದರಲ್ಲಿ ಎದ್ದು ಹೊರಡಲು, ಊಟಕ್ಕೆ, ಗಾಡಿ ನಿಲ್ಲಿಸಲು ಜಾಗ ಹುಡುಕಲು ಅಂತ ಮೂರು ಗಂಟೆ ಹೋಗುತ್ತದೆ. ಉಳಿದದ್ದು ಐದು. ಎರಡು ರಾತ್ರಿಯ ಪ್ರವಾಸದಲ್ಲಿ ಪೂರ್ತಿ ದಿನ ಒಂದೇ. ಹೋಗುವ ದಿನ, ಬರುವ ದಿನ ಅರ್ಧರ್ಧ. ಒಟ್ಟಿಗೆ ಹತ್ತು ಗಂಟೆ ಹೊರಗೆ ಸುತ್ತಲು ಸಿಕ್ಕರೆ ದೊಡ್ಡದು. ಹನ್ನೆರಡು ಜಾಗದ ಪಟ್ಟಿ ಹಿಡಿದವರು ಅದನ್ನು ಈಗಲೇ ನಾಲ್ಕಕ್ಕೆ ಇಳಿಸಿಬಿಡಿ. ಹೋದ ಮೇಲೆ ಇಳಿಸುವುದರಲ್ಲಿ ಜಗಳ ಜಾಸ್ತಿ.

2. ಪಕ್ಕ ಅಂದರೆ ಎಷ್ಟು ಪಕ್ಕ, ಯಾವ ಪಕ್ಕ?

ಮನೆ ಬಾಗಿಲಿನಿಂದ ರೂಮಿನ ಬಾಗಿಲಿಗೆ ಮೂರು, ಹೆಚ್ಚೆಂದರೆ ನಾಲ್ಕು ಗಂಟೆ. ಇದಕ್ಕಿಂತ ದೂರದ್ದನ್ನು ಎರಡು ರಾತ್ರಿಗೆ ತುರುಕಬೇಡಿ. ವಿಮಾನ ಒಂದೇ ಗಂಟೆ ಅನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ವಿಮಾನ ನಿಲ್ದಾಣಕ್ಕೆ ಹೋಗುವುದು, ಕಾಯುವುದು, ಇಳಿದು ಊರೊಳಗೆ ಹೋಗುವುದು ಎಲ್ಲ ಸೇರಿಸಿದರೆ ರೈಲೇ ಮೊದಲು ತಲುಪಿರುತ್ತದೆ.

ದಿಕ್ಕು ದೂರಕ್ಕಿಂತ ಮುಖ್ಯ. ಒಂದೇ ದೂರದಲ್ಲಿರುವ ನಾಲ್ಕು ಪ್ರಾಂತ್ಯಗಳಲ್ಲಿ ನವೆಂಬರ್ ತಿಂಗಳ ಹವೆ ನಾಲ್ಕು ಥರ ಇರುತ್ತದೆ. ಸಮುದ್ರದ ನೀರು ನಿಧಾನಕ್ಕೆ ತಣ್ಣಗಾಗುವುದರಿಂದ ಕರಾವಳಿಯಲ್ಲಿ ಚಳಿ ತಡವಾಗಿ ಬರುತ್ತದೆ. ಮೇಲಕ್ಕೆ ಹತ್ತಿದರೆ ಪ್ರತಿ 1,000 ಮೀಟರ್‌ಗೆ ಸುಮಾರು 6.5 ಡಿಗ್ರಿ ತಣ್ಣಗಾಗುತ್ತದೆ. ಇದು ಸರಾಸರಿ ಲೆಕ್ಕ. ಗಾಳಿಯಿಲ್ಲದ ತಿಳಿಯಾದ ರಾತ್ರಿಗಳಲ್ಲಿ ಇದು ಉಲ್ಟಾ ಆಗುತ್ತದೆ. ತಣ್ಣನೆ ಗಾಳಿ ಭಾರ, ಕಣಿವೆಗೆ ಇಳಿದು ಅಲ್ಲೇ ಕೂರುತ್ತದೆ. ಕೆಳಗೆ ಮಂಜು ಕವಿದು ಥರಗುಟ್ಟುತ್ತಿದ್ದರೆ ಮೇಲೆ ಬೆಟ್ಟದ ತುದಿಯಲ್ಲಿ ಬಿಸಿಲು. ಮಂಜಿನ ಮುಂಜಾನೆ ರೂಮಿನಲ್ಲೇ ಕೂತು ಬೇಸರ ಪಡುವ ಬದಲು ಮೇಲೆ ಏನಿದೆ ಅಂತ ವೆಬ್‌ಕ್ಯಾಮ್ ನೋಡಿ. ಎಷ್ಟೋ ಗಿರಿಧಾಮಗಳಲ್ಲಿ ಈಗ ಕ್ಯಾಮೆರಾ ಇದೆ.

ಬೆಟ್ಟದ ಸಾಲಿನ ಯಾವ ಕಡೆ ಅನ್ನುವುದು ಮಳೆಯನ್ನು ನಿರ್ಧರಿಸುತ್ತದೆ. ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದಲ್ಲಿ ಪಶ್ಚಿಮ ಕರಾವಳಿ ಮಳೆಯಲ್ಲಿ ತೋಯುತ್ತಿದ್ದರೆ, ಪರ್ವತದಾಚೆಯ ಪೂರ್ವದ ಬಯಲು ಒಣಗಿರುತ್ತದೆ. ನಾರ್ವೆಯಲ್ಲಿ ಪಶ್ಚಿಮದ ಬರ್ಗೆನ್ ಮಳೆಗೇ ಹೆಸರಾದ ಊರು, ಆಚೆ ಬದಿಯ ಓಸ್ಲೋದಲ್ಲಿ ಅಷ್ಟಿಲ್ಲ. ದಕ್ಷಿಣ ಭಾರತದ ಪೂರ್ವ ಕರಾವಳಿಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರಿನ ಕಾಲ. ಅದೇ ಹೊತ್ತಿಗೆ ಪಶ್ಚಿಮ ಕರಾವಳಿಯಲ್ಲಿ ಮುಂಗಾರಿನ ಅಬ್ಬರ ಮುಗಿದಿರುತ್ತದೆ. ನಮ್ಮ ಕಡೆ ಒಣಹವೆ ಅಂದರೆ ಪಕ್ಕದಲ್ಲೂ ಒಣಹವೆ ಅಂದುಕೊಳ್ಳುವ ಹಾಗಿಲ್ಲ. ಆ ಪ್ರಾಂತ್ಯದ ಆ ತಿಂಗಳ ಸರಾಸರಿ ಮಳೆ ಮತ್ತು ಮಳೆ ಬೀಳುವ ದಿನಗಳು, ಎರಡನ್ನೂ ನೋಡಿ. ಇಪ್ಪತ್ತು ದಿನ ಜಿಟಿಜಿಟಿ ಹನಿಯುವ ಊರಿಗಿಂತ ಐದು ದಿನ ಜೋರಾಗಿ ಸುರಿಯುವ ಊರು ಪ್ರವಾಸಿಗೆ ವಾಸಿ.

ಎಲೆಗಳ ಬಣ್ಣ ನೋಡಲೆಂದೇ ಹೊರಡುವವರಿಗೆ

ಇದಕ್ಕೆ ಸ್ವಲ್ಪ ಬೇರೆ ಲೆಕ್ಕ. ಚಳಿ ಬಂದು ಹಗಲು ಕುಗ್ಗಿದಾಗ ಎಲೆಯ ಹಸಿರು ಅಂಶ ಕ್ಲೋರೋಫಿಲ್ ಕರಗುತ್ತದೆ. ಮೊದಲಿಂದಲೂ ಒಳಗೇ ಇದ್ದ ಹಳದಿ, ಕಿತ್ತಳೆ ಆಗ ಹೊರಗೆ ಕಾಣುತ್ತದೆ. ಕೆಂಪು ಮಾತ್ರ ಆಗ ಹೊಸದಾಗಿ ಹುಟ್ಟುವುದು. ಹಗಲಲ್ಲಿ ಒಳ್ಳೆ ಬಿಸಿಲು, ರಾತ್ರಿ ತಂಪು, ಆದರೆ ನೀರು ಹೆಪ್ಪುಗಟ್ಟುವಷ್ಟಲ್ಲ, ಹೀಗಿದ್ದಾಗ ಕೆಂಪು ಜೋರಾಗಿರುತ್ತದೆ. ಅದಕ್ಕೇ ಹಳದಿ ಪ್ರತಿವರ್ಷ ನಂಬಿಕಸ್ಥ, ಕೆಂಪು ಒಂದು ವರ್ಷ ಭರ್ಜರಿ, ಇನ್ನೊಂದು ವರ್ಷ ಮಂಕು.

ಒಂದು ಜಾಗದಲ್ಲಿ ಬಣ್ಣ ಪೂರ್ತಿ ಏರಿ ನಿಲ್ಲುವುದು ಒಂದೆರಡು ವಾರ ಅಷ್ಟೇ. ಜೋರು ಗಾಳಿ ಮಳೆ ಬಂದರೆ ಒಂದೇ ರಾತ್ರಿಯಲ್ಲಿ ಮುಗಿಯಿತು. ಅಮೆರಿಕದ ಈಶಾನ್ಯದ ನ್ಯೂ ಇಂಗ್ಲೆಂಡ್ ಕಡೆ ಇದು ಬಹುತೇಕ ಅಕ್ಟೋಬರ್‌ನಲ್ಲಿ. ಜಪಾನಿನಲ್ಲಿ ಬಣ್ಣ ಉತ್ತರದ ಹೊಕ್ಕೈಡೊದಲ್ಲಿ ಶುರುವಾಗಿ ದಕ್ಷಿಣಕ್ಕೆ ಸರಿಯುತ್ತಾ ಕ್ಯೋಟೊ ತಲುಪುವುದು ನವೆಂಬರ್ ಕೊನೆಯ ಹೊತ್ತಿಗೆ. ಅಲ್ಲಿ ಇದಕ್ಕೇ ಮುನ್ಸೂಚನೆ ಹೊರಡಿಸುತ್ತಾರೆ.

ತಿಂಗಳುಗಟ್ಟಲೆ ಮೊದಲೇ ರಜೆ ಹಾಕಬೇಕಾದವರು ಏನು ಮಾಡಬೇಕು? ಎತ್ತರದಲ್ಲಿ ಏರಿಳಿತ ಇರುವ ಪ್ರಾಂತ್ಯ ಆರಿಸಿಕೊಳ್ಳಿ. ಬಣ್ಣ ಮೊದಲು ಬೆಟ್ಟದ ಮೇಲೆ ಬಂದು ಆಮೇಲೆ ಕೆಳಗೆ ಇಳಿಯುತ್ತದೆ. ನೀವು ಹೋದಾಗ ಮೇಲೆ ಬೋಳಾಗಿದ್ದರೆ ಕೆಳಗೆ ಸಿಗುತ್ತದೆ, ಕೆಳಗಿನ್ನೂ ಹಸಿರಿದ್ದರೆ ಮೇಲೆ ಸಿಗುತ್ತದೆ. ನಡುವಿನ ಎತ್ತರದ ಊರಲ್ಲಿ ರೂಮ್ ಮಾಡಿದರೆ ಎರಡೂ ಕಡೆ ಅರ್ಧ ಗಂಟೆ ದಾರಿ. ಬಯಲುಸೀಮೆಯ ಕಾಡನ್ನು ನಂಬಿ ಹೋದರೆ ಈ ಅನುಕೂಲ ಇಲ್ಲ, ಸಿಕ್ಕರೆ ಸಿಕ್ಕಿತು.

3. ಏನೇನು ಮುಚ್ಚಿರುತ್ತದೆ ನೋಡಿ

ಏನು ತೆರೆದಿದೆ ಅಂತ ಹುಡುಕುವವರು ಹೆಚ್ಚು. ಮುಚ್ಚಿರುವುದನ್ನು ಹುಡುಕಿದರೆ ಕೆಲಸ ಬೇಗ ಆಗುತ್ತದೆ.

ಮೊದಲು ಎತ್ತರದ ರಸ್ತೆಗಳು. ಇಟಲಿಯ ಸ್ಟೆಲ್ವಿಯೊ ಕಣಿವೆ ದಾರಿ 2,757 ಮೀಟರ್ ಎತ್ತರದಲ್ಲಿದೆ, ಚಳಿಗಾಲ ಪೂರ್ತಿ ಬಂದ್. ಕ್ಯಾಲಿಫೋರ್ನಿಯಾದ ಯೊಸೆಮಿಟಿಯಲ್ಲಿ 3,000 ಮೀಟರ್ ದಾಟುವ ಟಯೋಗಾ ದಾರಿ ಸಾಮಾನ್ಯವಾಗಿ ನವೆಂಬರ್‌ನಲ್ಲಿ ಮುಚ್ಚಿದರೆ ತೆರೆಯುವುದು ಮೇ ಕೊನೆಗೋ ಇನ್ನೂ ತಡವಾಗಿಯೋ. ಇಂಥ ದಾರಿ ಬಂದ್ ಆದರೆ ನಕ್ಷೆಯಲ್ಲಿ ಪಕ್ಕದಲ್ಲೇ ಕಾಣುವ ಊರಿಗೆ ಅರ್ಧ ದಿನ ಸುತ್ತಿ ಹೋಗಬೇಕಾಗುತ್ತದೆ. ಬೇಸಿಗೆಯಲ್ಲಿ ಹೋಗಿ ಬಂದವರ ಮಾತು ಕೇಳಿ ದಾರಿ ಆರಿಸಬೇಡಿ.

ಆಮೇಲೆ ನಡುಗಾಲದ ರಜೆ. ಆಲ್ಪ್ಸ್ ಸೀಮೆಯಲ್ಲಿ ನವೆಂಬರ್ ಅಂದರೆ ಬೇಸಿಗೆಯವರು ಹೋಗಿ, ಸ್ಕೀ ಆಡುವವರು ಇನ್ನೂ ಬಾರದ ತಿಂಗಳು. ಎಷ್ಟೋ ಕೇಬಲ್ ಕಾರುಗಳನ್ನು ಆಗಲೇ ರಿಪೇರಿಗೆ ನಿಲ್ಲಿಸುತ್ತಾರೆ, ಹೋಟೆಲಿನವರೂ ಆಗಲೇ ರಜೆ ಹಾಕುತ್ತಾರೆ. ರೂಮ್ ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗುವ ಮೊದಲು ಯಾಕೆ ಅಗ್ಗ ಅಂತ ಕೇಳಿ. ಸುಮ್ಮನೆ ನಡೆಯಲು, ಓದಲು, ನಿದ್ದೆ ಮಾಡಲು ಹೋಗುವವರಿಗೆ ಈ ತಿಂಗಳೇ ಚೆನ್ನ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಅಲ್ಲ.

ವಾರದ ರಜೆಯೂ ಕಾಡುತ್ತದೆ. ಯುರೋಪಿನ ಬಹಳಷ್ಟು ಮ್ಯೂಸಿಯಂಗಳಿಗೆ ಸೋಮವಾರ ರಜೆ, ಪ್ಯಾರಿಸ್ಸಿನ ಲೂವ್ರ್‌ಗೆ ಮಂಗಳವಾರ. ಶನಿವಾರ ಹೋಗಿ ಸೋಮವಾರ ಬರುವ ಪ್ರವಾಸದಲ್ಲಿ ಮ್ಯೂಸಿಯಂ ಅನ್ನು ಕೊನೆಯ ದಿನಕ್ಕೆ ಇಟ್ಟರೆ ಬಾಗಿಲು ನೋಡಿ ಬರಬೇಕು. ಯುರೋಪಿನ ರೈಲುಗಳ ಹೊಸ ವೇಳಾಪಟ್ಟಿ ಡಿಸೆಂಬರ್ ಎರಡನೇ ವಾರಾಂತ್ಯದಲ್ಲಿ ಜಾರಿಗೆ ಬರುತ್ತದೆ. ಅದರ ನಂತರದ ಪ್ರವಾಸಕ್ಕೆ ಹಳೆಯ ಪಟ್ಟಿ ನೋಡಿ ಲೆಕ್ಕ ಹಾಕಬೇಡಿ. ದೋಣಿ, ಲಾಂಚ್ ಇದ್ದರೆ ಚಳಿಗಾಲಕ್ಕೆ ಬೇರೆ ಸಮಯ ಇದೆಯಾ ನೋಡಿ. ಕೊನೆಯ ಬಸ್ಸು ಎಷ್ಟಕ್ಕೆ ಅನ್ನುವುದನ್ನು ಬರೆದೇ ಇಟ್ಟುಕೊಳ್ಳಿ.

4. ಗಡಿ ದಾಟುವುದಿದ್ದರೆ

ಪಕ್ಕದ್ದೇ ತಾನೆ ಅನ್ನುವ ಸಲಿಗೆಯಲ್ಲೇ ಜನ ಇಲ್ಲಿ ಎಡವುತ್ತಾರೆ. ಗಡಿಯ ಈಚೆ ನಡೆದದ್ದು ಆಚೆ ನಡೆಯುವುದಿಲ್ಲ.

ನೀವು ಬೇರೆ ದೇಶದಲ್ಲಿ ವೀಸಾ ಮೇಲೆ ಇರುವವರಾದರೆ ಮೊದಲ ಪ್ರಶ್ನೆ ಹೋಗುವುದರದ್ದಲ್ಲ, ವಾಪಸ್ ಬರುವುದರದ್ದು. ಒಂದೇ ಬಾರಿ ಪ್ರವೇಶದ ವೀಸಾ ಇದ್ದು ವಾರಾಂತ್ಯಕ್ಕೆ ಅಂತ ಗಡಿ ದಾಟಿದರೆ ವಾಪಸ್ ಒಳಗೆ ಬರಲು ಹೊಸ ವೀಸಾ ಬೇಕು. ಪಾಸ್‌ಪೋರ್ಟ್ ಅವಧಿ ಮುಗಿಯಲು ಆರು ತಿಂಗಳಾದರೂ ಇರಬೇಕು ಅಂತ ಬಹಳ ದೇಶಗಳು ಕೇಳುತ್ತವೆ. ಷೆಂಗೆನ್ ಪ್ರದೇಶದಲ್ಲಿ, ಅಂದರೆ ಒಳಗಿನ ಗಡಿಗಳಲ್ಲಿ ಸಾಮಾನ್ಯವಾಗಿ ತಪಾಸಣೆ ಇಲ್ಲದ ಯುರೋಪಿನ ದೇಶಗಳಲ್ಲಿ, ಪ್ರವಾಸಿಯಾಗಿ ಓಡಾಡುವವರಿಗೆ ಯಾವುದೇ 180 ದಿನಗಳಲ್ಲಿ 90 ದಿನದ ಮಿತಿ. ಮಧ್ಯೆ ಮಾಡಿದ ಸಣ್ಣ ಪ್ರವಾಸಗಳೂ ಈ ಲೆಕ್ಕಕ್ಕೆ ಸೇರುತ್ತವೆ.

ಗಾಡಿಯಲ್ಲಿ ಹೋಗುವವರು ಟೈರು ಮತ್ತು ರಸ್ತೆ ತೆರಿಗೆ ಎರಡನ್ನೂ ನೋಡಬೇಕು. ಜರ್ಮನಿಯಲ್ಲಿ ರಸ್ತೆಯ ಮೇಲೆ ಹಿಮ ಅಥವಾ ಮಂಜುಗಡ್ಡೆ ಇದ್ದಾಗ ಚಳಿಗಾಲದ ಟೈರು ಕಡ್ಡಾಯ, ತಾರೀಕಿನ ಲೆಕ್ಕ ಇಲ್ಲ. ಪಕ್ಕದ ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಅಂಥ ರಸ್ತೆಗೆ ಅದು ಬೇಕೇ ಬೇಕು. ಫ್ರಾನ್ಸ್ 2021ರಿಂದ ಗುರುತಿಸಿದ ಬೆಟ್ಟಪ್ರದೇಶಗಳಲ್ಲಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಚಳಿಗಾಲದ ಟೈರು ಅಥವಾ ಟೈರಿಗೆ ಕಟ್ಟುವ ಚೈನು ಕೇಳುತ್ತದೆ. ಹೆದ್ದಾರಿ ಸ್ಟಿಕರ್ ಅಂದರೆ ವಿನ್ಯೆಟ್ ಆಸ್ಟ್ರಿಯಾದಲ್ಲಿ ಕೆಲವು ದಿನಗಳ ಮಟ್ಟಿಗೂ ಸಿಗುತ್ತದೆ. ಸ್ವಿಟ್ಜರ್ಲೆಂಡ್‌ನಲ್ಲಿ ವರ್ಷದ್ದೇ ಕೊಳ್ಳಬೇಕು, ಎರಡು ದಿನಕ್ಕೆ ಹೋದರೂ ಅಷ್ಟೇ. ಬಾಡಿಗೆ ಗಾಡಿಯಾದರೆ ಗಡಿ ದಾಟಲು ಒಪ್ಪಿಗೆ ಇದೆಯಾ, ವಿಮೆ ಆಚೆಗೂ ನಡೆಯುತ್ತದಾ ಅಂತ ಬರಹದಲ್ಲಿ ಪಡೆಯಿರಿ. ಕೌಂಟರಿನಲ್ಲಿ ಯಾರೋ ತಲೆ ಅಲ್ಲಾಡಿಸಿದ್ದು ಸಾಲದು.

ಸಮಯವೂ ಬದಲಾಗುತ್ತದೆ. ಸ್ಪೇನ್‌ಗೂ ಪೋರ್ಚುಗಲ್‌ಗೂ ಒಂದು ಗಂಟೆ ವ್ಯತ್ಯಾಸ, ಭಾರತಕ್ಕೂ ನೇಪಾಳಕ್ಕೂ ಹದಿನೈದು ನಿಮಿಷ. ಗಡಿಯ ಹತ್ತಿರ ಉಳಿದುಕೊಂಡರೆ ಫೋನು ಆಚೆ ಕಡೆಯ ಟವರ್ ಹಿಡಿದು ಗಡಿಯಾರವನ್ನು ತಾನೇ ಬದಲಿಸಿಕೊಳ್ಳಬಹುದು. ರೈಲು ಹಿಡಿಯುವ ದಿನ ಇದು ಆಗಬಾರದು, ಅಂಥ ಕಡೆ ಸಮಯವನ್ನು ಕೈಯಾರೆ ಸೆಟ್ ಮಾಡಿ. ಆ ಟವರ್‌ನಿಂದಲೇ ರೋಮಿಂಗ್ ಬಿಲ್ಲೂ ಏರುತ್ತದೆ. ಯುರೋಪಿನ ಒಕ್ಕೂಟದೊಳಗೆ 2017ರ ಜೂನ್‌ನಿಂದ ರೋಮಿಂಗ್‌ಗೆ ಹೆಚ್ಚುವರಿ ಶುಲ್ಕ ಇಲ್ಲ, ಆದರೆ ನಡುವೆಯೇ ಇರುವ ಸ್ವಿಟ್ಜರ್ಲೆಂಡ್ ಆ ಒಪ್ಪಂದದಲ್ಲಿ ಇಲ್ಲ.

ತುರ್ತು ನಂಬರ್ ಮೊದಲೇ ನೋಡಿಕೊಳ್ಳಿ. ಯುರೋಪಿನ ಒಕ್ಕೂಟದ ಎಲ್ಲ ದೇಶಗಳಲ್ಲೂ 112, ಭಾರತದಲ್ಲೂ 112.

5. ಉಳಿಯುವ ಜಾಗ

ಚಳಿಗಾಲದ ಪ್ರವಾಸದಲ್ಲಿ ರೂಮಿನಲ್ಲಿ ಕಳೆಯುವ ಹೊತ್ತು ಜಾಸ್ತಿ. ಐದಕ್ಕೆ ಕತ್ತಲಾದರೆ ಮಲಗುವವರೆಗೆ ಐದಾರು ಗಂಟೆ ಎಲ್ಲಿ ಕೂರುತ್ತೀರಿ? ಬೇಸಿಗೆಯಲ್ಲಿ ರೂಮ್ ಹೇಗಿದ್ದರೂ ನಡೆಯುತ್ತದೆ ಅನ್ನುವವರೂ ಈ ಕಾಲದಲ್ಲಿ ರೂಮಿಗೇ ಸ್ವಲ್ಪ ಜಾಸ್ತಿ ಖರ್ಚು ಮಾಡಿ, ಬೇರೆ ಕಡೆ ಉಳಿಸುವುದು ಒಳ್ಳೆಯದು. ಕೂರಲು ಬೆಚ್ಚಗಿನ ಹಾಲ್ ಇರಬೇಕು, ನಡೆದು ಹೋಗುವಷ್ಟು ಹತ್ತಿರ ಊಟ ಸಿಗಬೇಕು. ಎರಡು ರಾತ್ರಿಯೂ ಒಂದೇ ಕಡೆ ಉಳಿಯಿರಿ. ಮಧ್ಯೆ ರೂಮ್ ಬದಲಿಸಿದರೆ ಚೀಲ ಕಟ್ಟಿ ಬಿಚ್ಚುವುದರಲ್ಲೇ ಒಂದು ಬೆಳಗಿನ ಬೆಳಕು ಹೋಗುತ್ತದೆ.

ಬುಕ್ ಮಾಡುವ ಮೊದಲು ಫೋನ್ ಮಾಡಿ ಕೇಳಬೇಕಾದ್ದು: ರೂಮ್ ಬಿಸಿ ಮಾಡುವ ವ್ಯವಸ್ಥೆ ರಾತ್ರಿಯಿಡೀ ನಡೆಯುತ್ತದಾ, ಕರೆಂಟ್ ಹೋದರೆ ಏನು ಗತಿ, ಬಿಸಿನೀರು ಯಾವಾಗ, ಕೊನೆಯ ಒಂದೆರಡು ಕಿಲೋಮೀಟರ್ ರಸ್ತೆ ಹೇಗಿದೆ, ಕತ್ತಲಾದ ಮೇಲೆ ಬಂದರೆ ಬಾಗಿಲು ತೆರೆಯುವವರು ಇರುತ್ತಾರಾ. ಉತ್ತರ ಕೊಡುವ ರೀತಿಯಲ್ಲೇ ಅರ್ಧ ವಿಷಯ ತಿಳಿಯುತ್ತದೆ.

ಒಂದು ಮಾತು ತಮಾಷೆಯಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಅಥವಾ ಸೌದೆ ಕೆಂಡ ಇಟ್ಟುಕೊಂಡು ಮಲಗಲೇಬೇಡಿ. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಸರಿಯಾಗಿ ಗಾಳಿಯಾಡದ ಬಚ್ಚಲಿನ ಗ್ಯಾಸ್ ಗೀಸರ್‌ಗೂ ಇದೇ ಮಾತು. ಹೋಟೆಲಿನವರೇ ಕೆಂಡದ ಕುಂಡ ತಂದಿಟ್ಟರೂ ಮಲಗುವ ಮೊದಲು ಹೊರಗಿಡಿಸಿ. ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವುದು ಒಟ್ಟಿಗೇ ಎಲ್ಲರಿಗೂ ಶುರುವಾದರೆ ಯೋಚಿಸುತ್ತಾ ಕೂರದೆ ಮೊದಲು ಎಲ್ಲರೂ ಹೊರಗೆ ಬನ್ನಿ.

ತುಂಬಾ ಎತ್ತರದ ಊರನ್ನು ಸಣ್ಣ ಪ್ರವಾಸಕ್ಕೆ ನಾನು ಆರಿಸುವುದಿಲ್ಲ. 2,500 ಮೀಟರ್ ಮೇಲೆ ದೇಹ ಒಗ್ಗಿಕೊಳ್ಳಲು ದಿನ ಬೇಕು. ಬಯಲಿನಿಂದ ನೇರ ಹೋಗಿ ಮಲಗಿದರೆ ಮೊದಲ ರಾತ್ರಿ ತಲೆನೋವು, ನಿದ್ದೆಗೇಡು. ಒಗ್ಗುವ ಹೊತ್ತಿಗೆ ವಾಪಸ್ ಹೊರಡುವ ದಿನ ಬಂದಿರುತ್ತದೆ.

6. ರೂಮ್ ಮೊದಲು, ಕಾರ್ಯಕ್ರಮ ಕೊನೆಗೆ

ಹವಾಮಾನ ಮುನ್ಸೂಚನೆಯನ್ನು ಎಷ್ಟು ನಂಬಬಹುದು ಅನ್ನುವುದಕ್ಕೆ ಅಮೆರಿಕದ ಹವಾಮಾನ ಇಲಾಖೆಯವರೇ ಲೆಕ್ಕ ಕೊಡುತ್ತಾರೆ. ಐದು ದಿನ ಮುಂಚಿನದ್ದು ನೂರಕ್ಕೆ ಸುಮಾರು 90 ಪಾಲು ಸರಿ, ಏಳು ದಿನದ್ದು 80, ಹತ್ತು ದಿನ ದಾಟಿದರೆ ಅರ್ಧಕ್ಕರ್ಧ. ಅಂದಮೇಲೆ ಒಂದು ತಿಂಗಳ ಮೊದಲೇ ಶನಿವಾರ ಬೆಟ್ಟ, ಭಾನುವಾರ ಕೋಟೆ ಅಂತ ಗೆರೆ ಕೊರೆಯುವುದರಲ್ಲಿ ಅರ್ಥ ಇಲ್ಲ.

ತಿಂಗಳ ಮೊದಲು ಪ್ರಾಂತ್ಯ, ತಾರೀಕು, ರೂಮ್ ಇಷ್ಟು ಗಟ್ಟಿ ಮಾಡಿ. ರೂಮನ್ನು ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ಹಾಗೆ ತೆಗೆದುಕೊಳ್ಳಿ. ರದ್ದು ಮಾಡಲು ಕೊನೆಯ ದಿನಾಂಕವನ್ನು ಫೋನಿನಲ್ಲಿ ರಿಮೈಂಡರ್ ಹಾಕಿ. ಆ ದಿನ ಪ್ರವಾಸಕ್ಕೆ ಐದು ದಿನಕ್ಕಿಂತ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು, ಮುನ್ಸೂಚನೆ ನೋಡಿಯೇ ನಿರ್ಧರಿಸಬಹುದು. ಯಾವ ದಿನ ಏನು ಅನ್ನುವುದನ್ನು ಹೊರಡುವ ಮೂರು ದಿನ ಮೊದಲು ಬರೆಯಿರಿ. ಬರೆಯುವಾಗ ಎರಡು ಪಟ್ಟಿ ಮಾಡಿ. ಒಂದರಲ್ಲಿ ಬಿಸಿಲು ಬೇಕಾದ್ದು, ಇನ್ನೊಂದರಲ್ಲಿ ಮಳೆ ಬಂದರೂ ನಡೆಯುವುದು. ಎರಡನೇ ಪಟ್ಟಿ ಖಾಲಿ ಇದ್ದರೆ ಆ ಪ್ರಾಂತ್ಯ ಈ ಕಾಲಕ್ಕೆ ತಕ್ಕದ್ದಲ್ಲ ಅಂತಲೇ ಲೆಕ್ಕ.

ಮುನ್ಸೂಚನೆಯಲ್ಲಿ ಬರೀ ಉಷ್ಣತೆ ನೋಡಿ ಮುಗಿಸಬೇಡಿ, ಗಾಳಿಯನ್ನೂ ನೋಡಿ. 0 ಡಿಗ್ರಿ ಇದ್ದು ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸುತ್ತಿದ್ದರೆ ಮೈಗೆ ಮೈನಸ್ 6ರಷ್ಟು ಚಳಿ ಅನ್ನಿಸುತ್ತದೆ. ಸಮುದ್ರದಂಡೆ, ಬೆಟ್ಟದ ನೆತ್ತಿ ಇವನ್ನು ಗಾಳಿಯಿಲ್ಲದ ದಿನಕ್ಕೆ ಎತ್ತಿಡಿ.

7. ದಿನವನ್ನು ಹೇಗೆ ಹಂಚುವುದು

ದಿನಕ್ಕೆ ಹೊರಗಿನದು ಒಂದು, ಒಳಗಿನದು ಒಂದು. ಅಷ್ಟೇ. ಹೊರಗಿನದನ್ನು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ಒಳಗೆ ಕೂರಿಸಿ. ರಾತ್ರಿ ನೆಲ ತಣ್ಣಗಾಗಿ ಏಳುವ ಮಂಜು ಸೂರ್ಯ ಹುಟ್ಟುವ ಹೊತ್ತಿಗೆ ಅತಿ ದಟ್ಟ, ಬಿಸಿಲು ಏರಿದಂತೆ ಕರಗುತ್ತದೆ. ಆರಕ್ಕೇ ಎದ್ದು ಓಡುವುದರಲ್ಲಿ ಲಾಭ ಇಲ್ಲ. ಫೋಟೋ ಹುಚ್ಚಿನವರ ಮಾತು ಬೇರೆ, ಅವರಿಗೆ ಆ ಮಂಜೇ ಬೇಕು. ಸಂಜೆಗೆ ಮ್ಯೂಸಿಯಂ, ಹಳೇ ಪೇಟೆ, ಬಿಸಿನೀರಿನ ಕೊಳ, ನಾಟಕ, ಸಂತೆ ಇಂಥವು. ಕತ್ತಲಲ್ಲೂ ಚೆನ್ನಾಗಿರುವ ಸಂಗತಿಗೆ ಹಗಲನ್ನು ಖರ್ಚು ಮಾಡಬಾರದು.

ಕಾಲ್ನಡಿಗೆಗೆ ಹೋದರೆ ತಿರುಗುವ ಸಮಯ ಅಂತ ಒಂದು ಇಟ್ಟುಕೊಳ್ಳಿ. ಸೂರ್ಯ ಮುಳುಗುವುದು ನಾಲ್ಕೂವರೆಗೆ ಅಂತಿಟ್ಟುಕೊಳ್ಳಿ. ಗಾಡಿಯ ಹತ್ತಿರ ಮೂರೂವರೆಗೆ ಇರಬೇಕು. ಹತ್ತಕ್ಕೆ ಹೊರಟಿದ್ದರೆ ಹನ್ನೆರಡೂಮುಕ್ಕಾಲಿಗೆ ಎಲ್ಲಿದ್ದರೂ ಅಲ್ಲಿಂದ ತಿರುಗಿ. ಇನ್ನು ಹತ್ತೇ ನಿಮಿಷ, ತುದಿ ಅಲ್ಲೇ ಕಾಣ್ತಿದೆ ಅನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಸಮಯವನ್ನು ಹೊರಡುವ ಮೊದಲೇ ಎಲ್ಲರ ಮುಂದೆ ಹೇಳಿದ್ದರೆ ಆಗ ವಾದ ಇರುವುದಿಲ್ಲ.

8. ಬಟ್ಟೆ, ಫೋನು, ಗಾಡಿ

ದಪ್ಪ ಕೋಟು ಒಂದರ ಬದಲು ತೆಳುವಾದ ಮೂರು ಪದರ ಒಳ್ಳೆಯದು. ಹತ್ತುವಾಗ ಒಂದು ತೆಗೆಯಬಹುದು, ನಿಂತಾಗ ಹಾಕಬಹುದು. ಮೈಗೆ ತಾಗುವ ಪದರ ಹತ್ತಿಯದ್ದಾಗಿರಬಾರದು. ಹತ್ತಿ ಬೆವರು ಹೀರಿ ಒದ್ದೆಯಾಗೇ ಉಳಿಯುತ್ತದೆ, ಒದ್ದೆ ಬಟ್ಟೆ ಮೈಯ ಬಿಸಿಯನ್ನು ಎಳೆದುಬಿಡುತ್ತದೆ. ಉಣ್ಣೆ ಒದ್ದೆಯಾದರೂ ಸ್ವಲ್ಪ ಬೆಚ್ಚಗಿಡುತ್ತದೆ. ಎರಡನೇ ಜೊತೆ ಶೂ ಇಲ್ಲದಿದ್ದರೂ ಪರವಾಗಿಲ್ಲ, ಕಾಲುಚೀಲ ಮಾತ್ರ ಲೆಕ್ಕಕ್ಕಿಂತ ಜಾಸ್ತಿ ಇರಲಿ. ಹಿಮದ ಕಡೆ ಹೋಗುವವರಿಗೆ ಸನ್‌ಸ್ಕ್ರೀನ್, ಕಪ್ಪು ಕನ್ನಡಕ ಬೇಕು. ಹೊಸ ಹಿಮ ಅತಿನೇರಳೆ ಕಿರಣದ ನೂರಕ್ಕೆ 80 ಪಾಲಿನಷ್ಟನ್ನು ಮುಖಕ್ಕೇ ವಾಪಸ್ ಎಸೆಯುತ್ತದೆ.

ಫೋನನ್ನು ಹೊರ ಜೇಬಿನಲ್ಲಿ ಇಡಬೇಡಿ. ಲಿಥಿಯಂ ಬ್ಯಾಟರಿ ಚಳಿಗೆ ಸೋಲುತ್ತದೆ. 30 ಪಾಲು ಚಾರ್ಜ್ ತೋರಿಸುತ್ತಿದ್ದ ಫೋನು ದಿಢೀರನೆ ಆಫ್ ಆಗಬಹುದು. ಒಳಜೇಬಿನಲ್ಲಿ ಮೈಗೆ ಹತ್ತಿರ ಇಡಿ. ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ರೂಮಿನ ವಿಳಾಸವನ್ನು ಕಾಗದದಲ್ಲಿ ಬರೆದು ಪರ್ಸಿನಲ್ಲಿಡಿ. ಒಂದು ಟಾರ್ಚ್ ಬೇಕೇ ಬೇಕು, ಫೋನಿನ ದೀಪ ಲೆಕ್ಕಕ್ಕಿಲ್ಲ.

ಗಾಡಿಯ ಟೈರಿನ ಗಾಳಿ ಉಷ್ಣತೆ 5–6 ಡಿಗ್ರಿ ಇಳಿದರೆ ಸುಮಾರು 1 ಪಿಎಸ್‌ಐ (ಟೈರಿನ ಗಾಳಿ ಒತ್ತಡದ ಅಳತೆ) ಇಳಿಯುತ್ತದೆ. ಬೆಚ್ಚಗಿನ ಊರಲ್ಲಿ ಸರಿಯಾಗಿ ತುಂಬಿಸಿಕೊಂಡು ಬೆಟ್ಟ ಹತ್ತಿದರೆ ಮರುದಿನ ಬೆಳಿಗ್ಗೆ ಕಡಿಮೆ ಇರುತ್ತದೆ. ತಣ್ಣಗಿರುವಾಗಲೇ ನೋಡಿ ತುಂಬಿಸಿ. ಬ್ಯಾಟರಿ ಗಾಡಿ ಇರುವವರು ಒಂದೇ ಚಾರ್ಜಿಗೆ ಬೇಸಿಗೆಯಲ್ಲಿ ಓಡಿದಷ್ಟು ದೂರ ಓಡುತ್ತದೆ ಅಂತ ನಂಬಬಾರದು. ಒಳಗೆ ಬೆಚ್ಚಗಿಡಲೂ ಅದೇ ಬ್ಯಾಟರಿ. ಮಧ್ಯೆ ಒಂದು ಚಾರ್ಜಿಂಗ್ ನಿಲುಗಡೆ ಜಾಸ್ತಿ ಹಾಕಿಕೊಳ್ಳಿ, ಆ ನಿಲುಗಡೆಯನ್ನೇ ಊಟದ ಹೊತ್ತಿಗೆ ಹೊಂದಿಸಿ. ನೀರು ಹೆಪ್ಪುಗಟ್ಟುವ ಕಡೆ ಸೇತುವೆಗಳ ಮೇಲೆ ನಿಧಾನ. ಮೇಲೂ ಕೆಳಗೂ ತಣ್ಣನೆ ಗಾಳಿ ಆಡುವುದರಿಂದ ಉಳಿದ ರಸ್ತೆಗಿಂತ ಮೊದಲು ಸೇತುವೆಯ ಮೇಲೆ ಮಂಜುಗಡ್ಡೆ ಕಟ್ಟುತ್ತದೆ, ಕಣ್ಣಿಗೆ ಬರೀ ಒದ್ದೆ ರಸ್ತೆಯ ಹಾಗೆ ಕಾಣುತ್ತದೆ.

9. ವಾಪಸ್ ಬರುವ ದಿನ

ರೈಲಿನಲ್ಲಿ ಬರುವವರು ಕತ್ತಲಾದ ಮೇಲಿನ ರೈಲು ಹಿಡಿಯಿರಿ, ಹಗಲು ಪೂರ್ತಿ ನಿಮ್ಮದಾಗುತ್ತದೆ. ಆದರೆ ಆ ದಿನದ ಕೊನೆಯ ರೈಲನ್ನು ನೆಚ್ಚಬೇಡಿ, ಅದರ ಹಿಂದಿನದು ಇರಲಿ. ಚೀಲವನ್ನು ಹೋಟೆಲಿನಲ್ಲೋ ನಿಲ್ದಾಣದ ಲಾಕರ್‌ನಲ್ಲೋ ಬಿಟ್ಟು ಸುತ್ತಬಹುದಾ ಅಂತ ಹಿಂದಿನ ಸಂಜೆಯೇ ಕೇಳಿಟ್ಟುಕೊಳ್ಳಿ.

ಗಾಡಿ ಓಡಿಸುವವರಿಗೆ ಇದು ಪೂರ್ತಿ ಉಲ್ಟಾ. ಅವರು ಘಾಟಿ ಅಥವಾ ಬೆಟ್ಟದ ಭಾಗವನ್ನು ಬೆಳಕಿರುವಾಗಲೇ ಇಳಿದು ಮುಗಿಸಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಹೊರಟು, ಬಯಲಿಗೆ ಇಳಿದ ಮೇಲೆ ದಾರಿಯಲ್ಲಿ ಒಂದು ಊರು ನೋಡಿಕೊಂಡು ಬಂದರೆ ಆಯಿತು. ಹಿಂದಿನ ರಾತ್ರಿ ರಸ್ತೆ ಸ್ಥಿತಿ ನೋಡಿ, ಬೆಳಿಗ್ಗೆ ಎದ್ದು ಇನ್ನೊಮ್ಮೆ ನೋಡಿ. ಹಿಮ ಬೀಳುವ ಸೂಚನೆ ಇದ್ದರೆ ಅರ್ಧ ದಿನ ಮೊದಲೇ ಹೊರಡಿ, ಇಲ್ಲವೇ ಇನ್ನೊಂದು ರಾತ್ರಿ ಉಳಿದುಬಿಡಿ. ಅದಕ್ಕೇ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ತಪ್ಪಿಸಲಾಗದ ಮೀಟಿಂಗ್ ಇಟ್ಟುಕೊಂಡು ಹೋಗಬೇಡಿ. ಮಕ್ಕಳ ಪರೀಕ್ಷೆ ಇದ್ದರೂ ಅಷ್ಟೇ, ಅದರ ಹಿಂದಿನ ವಾರಾಂತ್ಯ ಬಿಟ್ಟು ಬೇರೆ ತಾರೀಕು ಹಿಡಿಯಿರಿ.